ವಾಕಿಂಗ್ ಮಾಡಿದರೂ ತೂಕ ಇಳಿಯುತ್ತಿಲ್ಲವೇ? ಕೂರುವುದು, ಓಡಾಡುವುದು, ಫಿಟ್‌ನೆಸ್, ಬೊಜ್ಜು ನಾಲ್ಕನ್ನೂ ಬಿಡಿಸಿ ನೋಡಿ

"ಮೂರು ತಿಂಗಳಿಂದ ಒಂದು ದಿನವೂ ತಪ್ಪಿಸದೆ ವಾಕಿಂಗ್ ಹೋದೆ. ಒಂದು ಕೆಜಿನೂ ಇಳೀಲಿಲ್ಲ. ಅದಕ್ಕೇ ಬಿಟ್ಟುಬಿಟ್ಟೆ."

ಈ ಮಾತು ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಆ ಮೂರು ತಿಂಗಳಲ್ಲಿ ಅವರ ಹೃದಯ ಮೊದಲಿಗಿಂತ ಗಟ್ಟಿಯಾಗಿರುತ್ತದೆ. ಮೆಟ್ಟಿಲು ಹತ್ತುವಾಗಿನ ಏದುಸಿರು ಕಡಿಮೆಯಾಗಿರುತ್ತದೆ. ಹೊಟ್ಟೆಯೊಳಗಿನ ಕೊಬ್ಬು ಕೂಡ ಒಂದಿಷ್ಟು ಕರಗಿರಬಹುದು. ತೂಕದ ಯಂತ್ರಕ್ಕೆ ಇದ್ಯಾವುದೂ ಗೊತ್ತಾಗುವುದಿಲ್ಲ. ಒಳ್ಳೆಯ ಅಭ್ಯಾಸವೊಂದನ್ನು ತಪ್ಪು ಅಳತೆಯಿಂದ ಅಳೆದು ಕೈಬಿಟ್ಟಂತಾಯಿತು.

ಲೆಕ್ಕ ಹಾಕಿಯೇ ನೋಡೋಣ. 70 ಕೆಜಿ ತೂಕದ ಒಬ್ಬರು ದಿನಕ್ಕೆ ಅರ್ಧ ಗಂಟೆ ಚುರುಕಾಗಿ ನಡೆದರೆ ಸುಮಾರು 120 ಕ್ಯಾಲೊರಿ ಖರ್ಚಾಗುತ್ತದೆ. ಆ ಅರ್ಧ ಗಂಟೆ ಸುಮ್ನೆ ಕೂತಿದ್ದರೂ 35 ಕ್ಯಾಲೊರಿ ಹೋಗುತ್ತಿತ್ತು. ಅಂದರೆ ನಡಿಗೆಯಿಂದ ಹೆಚ್ಚಿಗೆ ಖರ್ಚಾದದ್ದು 85. ಇದನ್ನು 90 ದಿನಕ್ಕೆ ಲೆಕ್ಕ ಹಾಕಿದರೆ 7,650. ಮೈಯಲ್ಲಿರುವ ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಮೂರು ತಿಂಗಳ ನಡಿಗೆಗೆ ಕಾಗದದ ಮೇಲೆ ಸಿಗುವುದೇ ಒಂದು ಕೆಜಿ! ಅದೂ ಊಟ ತಿಂಡಿ ಒಂದು ತುತ್ತೂ ಜಾಸ್ತಿಯಾಗದಿದ್ದರೆ. ಬೆಳಿಗ್ಗೆ ಕುಡಿದ ನೀರು, ಹಿಂದಿನ ರಾತ್ರಿ ತಿಂದ ಉಪ್ಪು, ಇಷ್ಟರಿಂದಲೇ ತೂಕ ಒಂದು ಕೆಜಿ ಆಚೀಚೆ ಆಗುತ್ತದೆ. ಹಾಗಿರುವಾಗ ಆ ಒಂದು ಕೆಜಿ ಕಣ್ಣಿಗೆ ಬೀಳುವುದಾದರೂ ಹೇಗೆ?

ಆದ್ದರಿಂದ ನಾನು ಹೇಳಬೇಕಾದ್ದು ಇಷ್ಟೇ. ಕೂರುವುದು ಮತ್ತು ಓಡಾಡುವುದು ಒಂದೇ ವಿಷಯದ ಎರಡು ಮುಖ ಅಲ್ಲ. ಫಿಟ್‌ನೆಸ್ (ಅಂದರೆ ಹೃದಯ, ಶ್ವಾಸಕೋಶ, ಸ್ನಾಯುಗಳ ದಮ್ಮು) ಮತ್ತು ಬೊಜ್ಜು ಕೂಡ ಹಾಗೆಯೇ. ಯಾವುದಕ್ಕೆ ಏನು ಮಾಡಿದರೆ ಫಲ ಸಿಗುತ್ತದೆ ಎಂದು ಬಿಡಿಸಿಕೊಂಡರೆ ದಾರಿ ಸುಲಭ.

ಶುರು ಮಾಡುವ ಮುಂಚೆ ತಿಳಿದಿರಬೇಕಾದ್ದು

ಮೈ ಎಷ್ಟು ಕೆಲಸ ಮಾಡುತ್ತಿದೆ ಎಂದು ಅಳೆಯಲು ತಜ್ಞರು ಮೆಟ್ ಎಂಬ ಅಳತೆ ಬಳಸುತ್ತಾರೆ. ಆರಾಮವಾಗಿ ಕೂತಾಗ ಖರ್ಚಾಗುವ ಶಕ್ತಿ 1 ಮೆಟ್. ಇದು ಒಂದು ಕೆಜಿ ತೂಕಕ್ಕೆ ಗಂಟೆಗೆ ಸುಮಾರು 1 ಕ್ಯಾಲೊರಿ. ಎಚ್ಚರವಾಗಿರುವಾಗ ಕೂತು, ಒರಗಿ ಅಥವಾ ಮಲಗಿ 1.5 ಮೆಟ್ ಮೀರದ ಹಾಗೆ ಕಳೆಯುವ ಸಮಯವನ್ನು ಕೂತ ಹೊತ್ತು ಎಂದು ಲೆಕ್ಕ ಹಾಕುತ್ತಾರೆ. ನಿದ್ದೆ ಇದರಲ್ಲಿ ಸೇರುವುದಿಲ್ಲ. 3ರಿಂದ 6 ಮೆಟ್‌ವರೆಗಿನದು ಮಧ್ಯಮ ಚಟುವಟಿಕೆ, ಚುರುಕಾದ ನಡಿಗೆಯ ಹಾಗೆ. ಅದಕ್ಕೂ ಮೇಲಿನದು ಬಿರುಸಿನದು. ಓಟ, ಬೇಗ ಬೇಗ ಮೆಟ್ಟಿಲು ಹತ್ತುವುದು, ಹಗ್ಗದಾಟ ಇವೆಲ್ಲ ಇಲ್ಲಿಗೆ ಬರುತ್ತವೆ.

ಒಂದೇ ದಿನದಲ್ಲಿ ಒಬ್ಬರೇ ಎರಡೂ ಕಡೆ ಇರಬಹುದು. ಬೆಳಿಗ್ಗೆ ಒಂದು ಗಂಟೆ ಬೆವರು ಸುರಿಸಿ, ಆಮೇಲೆ ಹತ್ತು ಗಂಟೆ ಕುರ್ಚಿಯಿಂದ ಏಳದವರು ಎಷ್ಟು ಜನರಿಲ್ಲ? ಇನ್ನೊಬ್ಬರು ವ್ಯಾಯಾಮ ಎಂದು ಏನೂ ಮಾಡದೆ ದಿನವಿಡೀ ನಿಂತು ಓಡಾಡಿ ಕೆಲಸ ಮಾಡುತ್ತಾರೆ. ಇಬ್ಬರಿಗೂ ಒಂದೇ ಸಲಹೆ ಕೊಟ್ಟರೆ ಒಬ್ಬರಿಗಾದರೂ ಅದು ಹೊಂದುವುದಿಲ್ಲ.

ಈ ವಿಷಯದ ಅಧ್ಯಯನ ಶುರುವಾದ ಕಥೆ ಸ್ವಾರಸ್ಯವಾಗಿದೆ. 1953ರಲ್ಲಿ ಬ್ರಿಟನ್ನಿನ ಸಂಶೋಧಕ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರನ್ನು ಹೋಲಿಸಿ ನೋಡಿದರು. ಚಾಲಕರು ದಿನವಿಡೀ ಕೂತಿರುತ್ತಿದ್ದರು. ಕಂಡಕ್ಟರುಗಳು ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದರು. ಕಂಡಕ್ಟರುಗಳಲ್ಲಿ ಹೃದಯಾಘಾತ ಸ್ಪಷ್ಟವಾಗಿ ಕಡಿಮೆ ಇತ್ತು. ಇಷ್ಟನ್ನು ಬಹಳ ಜನ ಹೇಳುತ್ತಾರೆ. ಅದರ ಮುಂದಿನ ಭಾಗವನ್ನು ಹೇಳುವವರು ಕಡಿಮೆ. 1956ರಲ್ಲಿ ಇದೇ ತಂಡ ನೌಕರರ ಸಮವಸ್ತ್ರದ ದಾಖಲೆ ತೆಗೆದು ಪ್ಯಾಂಟಿನ ಸೊಂಟದ ಅಳತೆ ನೋಡಿತು. ಒಂದೇ ವಯಸ್ಸಿನವರನ್ನು ಹೋಲಿಸಿದರೂ ಚಾಲಕರ ಸೊಂಟವೇ ದಪ್ಪ. ಆಗ ಹೊಸ ಪ್ರಶ್ನೆ ಎದ್ದಿತು. ಕೂತು ಕೂತು ದಪ್ಪಗಾದರಾ, ಇಲ್ಲ ಮೊದಲೇ ದಪ್ಪಗಿದ್ದವರು ಕೂರುವ ಕೆಲಸಕ್ಕೆ ಸೇರಿದರಾ?

ಆ ಪ್ರಶ್ನೆ ಇವತ್ತಿಗೂ ಮುಗಿದಿಲ್ಲ. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ ಸುಮಾರು 200 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅರ್ಲಿಬರ್ಡ್ ಅಧ್ಯಯನದ ವರದಿ 2011ರ ಹೊತ್ತಿಗೆ ಬಂತು. ಆ ಮಕ್ಕಳಲ್ಲಿ ಮೊದಲು ಬೊಜ್ಜು ಬಂದು ಆಮೇಲೆ ಚಟುವಟಿಕೆ ಕಡಿಮೆಯಾಗಿತ್ತು. ಉಲ್ಟಾ ಅಲ್ಲ. ಹಾಗೆಂದು ಕೂರುವುದರಿಂದ ಏನೂ ಆಗುವುದಿಲ್ಲ ಎಂದು ತಿಳಿಯಬೇಡಿ. ಎರಡೂ ಒಂದನ್ನೊಂದು ಎಳೆಯುತ್ತವೆ. ಮೈ ಭಾರವಾದರೆ ಓಡಾಡುವುದು ಕಷ್ಟ, ಓಡಾಟ ನಿಂತರೆ ಮೈ ಇನ್ನಷ್ಟು ಭಾರ. ದಪ್ಪಗಿರುವವರನ್ನು ಸೋಮಾರಿ ಎಂದು ಜರಿಯುವುದು ಮಾತ್ರ ತಪ್ಪು, ಅದರಿಂದ ಯಾರಿಗೂ ಒಳ್ಳೆಯದಾಗಿಲ್ಲ.

ಫಿಟ್‌ನೆಸ್‌ನ ಕಥೆ ಬೇರೆ. ಇಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂಬ ಗೊಂದಲ ಅಷ್ಟಿಲ್ಲ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20ರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಅವರ ದೇಹ ಆಮ್ಲಜನಕ ಬಳಸಿಕೊಳ್ಳುವ ಗರಿಷ್ಠ ಶಕ್ತಿ ಕಾಲುಭಾಗಕ್ಕಿಂತ ಜಾಸ್ತಿ ಇಳಿಯಿತು. 30 ವರ್ಷ ಆದಮೇಲೆ ಅದೇ ಐವರನ್ನು ಮತ್ತೆ ಪರೀಕ್ಷಿಸಿದರು. ಮೂವತ್ತು ವರ್ಷದ ವಯಸ್ಸು ಮಾಡಿದ ಹಾನಿಗಿಂತ ಮೂರು ವಾರದ ಹಾಸಿಗೆ ಮಾಡಿದ ಹಾನಿಯೇ ದೊಡ್ಡದಿತ್ತು! ಅಷ್ಟರಲ್ಲಿ ಅವರ ಸರಾಸರಿ ತೂಕ 77 ಕೆಜಿಯಿಂದ 100 ಕೆಜಿಗೆ, ಮೈಕೊಬ್ಬು ಶೇ. 14ರಿಂದ 28ಕ್ಕೆ ಏರಿತ್ತು. ಆಮೇಲೆ ಆರು ತಿಂಗಳು ನಿಧಾನವಾಗಿ ಹೆಚ್ಚಿಸುತ್ತಾ ನಡಿಗೆ, ಜಾಗಿಂಗ್, ಸೈಕಲ್ ಮಾಡಿಸಿದರು. 50ರ ವಯಸ್ಸಿನಲ್ಲಿ ಅವರ ಫಿಟ್‌ನೆಸ್ 20ರ ಮಟ್ಟಕ್ಕೆ ಬಂದು ನಿಂತಿತು. ತೂಕ ಇಳಿದದ್ದು ಮಾತ್ರ ಸ್ವಲ್ಪವೇ.

ಇದನ್ನು ಇನ್ನೊಮ್ಮೆ ಓದಿ. ಅದೇ ಜನ, ಅದೇ ವ್ಯಾಯಾಮ. ಫಿಟ್‌ನೆಸ್ ಪೂರ್ತಿ ವಾಪಸ್ ಬಂತು, ಬೊಜ್ಜು ಹೆಚ್ಚುಕಡಿಮೆ ಅಲ್ಲೇ ಇತ್ತು.

ಹಂತ 1: ಅಳತೆ ತೆಗೆದುಕೊಳ್ಳಿ

ಏನನ್ನೂ ಬದಲಾಯಿಸುವ ಮುಂಚೆ ಒಂದು ವಾರ ಈಗಿನ ಸ್ಥಿತಿಯನ್ನು ಬರೆದಿಡಿ. ಒಂದು ಹಾಳೆ ಸಾಕು.

ಕೂತ ಹೊತ್ತು: ಎರಡು ಕೆಲಸದ ದಿನ, ಒಂದು ರಜಾದಿನ. ಪ್ರತಿ ಗಂಟೆಯಲ್ಲಿ ಎಷ್ಟು ನಿಮಿಷ ಕೂತಿದ್ದಿರಿ ಎಂದು ಅಂದಾಜಿಗೆ ಬರೆಯಿರಿ. ಪ್ರಯಾಣ, ಊಟ, ಟಿವಿ, ಮೊಬೈಲ್ ಎಲ್ಲ ಸೇರಲಿ. ದಿನದ ಕೊನೆಯಲ್ಲಿ ಒಟ್ಟಿಗೆ ನೆನಪಿಸಿಕೊಂಡು ಬರೆದರೆ ನಿಜಕ್ಕಿಂತ ಕಡಿಮೆಯೇ ಬರುತ್ತದೆ, ಆದ್ದರಿಂದ ಆಗಾಗ ಬರೆಯಿರಿ. ಒಂದೇ ಸಲಕ್ಕೆ ಅತಿ ಹೆಚ್ಚು ಹೊತ್ತು ಏಳದೆ ಕೂತದ್ದು ಎಷ್ಟು ಎಂಬುದಕ್ಕೆ ಗುರುತು ಹಾಕಿ. ಅದೂ ಮುಖ್ಯ.

ಸೊಂಟದ ಸುತ್ತಳತೆ: ಇಲ್ಲಿ ತುಂಬ ಜನ ಪ್ಯಾಂಟು ಕಟ್ಟುವ ಜಾಗದಲ್ಲಿ ಟೇಪು ಸುತ್ತುತ್ತಾರೆ. ಸರಿಯಾದ ಜಾಗ ಅದಲ್ಲ. ನೇರವಾಗಿ ನಿಂತುಕೊಳ್ಳಿ. ಪಕ್ಕದಲ್ಲಿ ಕೈಯಿಟ್ಟು ಪಕ್ಕೆಲುಬಿನ ಕೊನೆಯ ಮೂಳೆ ಎಲ್ಲಿ ಮುಗಿಯುತ್ತದೆ ನೋಡಿ. ಆಮೇಲೆ ಸೊಂಟದ ಮೂಳೆಯ ಮೇಲಂಚು ಹುಡುಕಿ. ಎರಡರ ನಡುವೆ ಟೇಪು ಬರಬೇಕು. ಟೇಪು ಹಿಂದೆ ಮುಂದೆ ಒಂದೇ ಮಟ್ಟದಲ್ಲಿರಲಿ, ಚರ್ಮಕ್ಕೆ ತಾಗಿರಲಿ, ಒತ್ತದಿರಲಿ. ಮಾಮೂಲಿನಂತೆ ಉಸಿರು ಹೊರಗೆ ಬಿಟ್ಟು, ಹೊಟ್ಟೆ ಎಳೆದುಕೊಳ್ಳದೆ ಓದಿ. ಎರಡು ಸಲ ಅಳೆದು ಸರಾಸರಿ ಬರೆಯಿರಿ. ನಿಮ್ಮ ಎತ್ತರದ ಅರ್ಧಕ್ಕಿಂತ ಸೊಂಟ ಕಡಿಮೆ ಇರಬೇಕು ಎಂಬುದು ನೆನಪಿಡಲು ಸುಲಭವಾದ ಗುರಿ. ಎತ್ತರ 160 ಸೆಂಟಿಮೀಟರ್ ಆದರೆ ಸೊಂಟ 80ರ ಒಳಗೆ.

ಫಿಟ್‌ನೆಸ್: ಬೆಳಿಗ್ಗೆ ಎಚ್ಚರವಾದ ಕೂಡಲೇ, ಏಳುವ ಮೊದಲು, ಒಂದು ನಿಮಿಷ ನಾಡಿ ಎಣಿಸಿ. ಮೂರು ದಿನದ ಸರಾಸರಿ ಬರೆಯಿರಿ. ಆಮೇಲೆ ಒಂದು ದಿನ ಸಮತಟ್ಟಾದ ಜಾಗದಲ್ಲಿ 1.6 ಕಿಲೋಮೀಟರ್ ದೂರವನ್ನು ಓಡದೆ, ಆದಷ್ಟು ಬೇಗ ನಡೆದು ಮುಗಿಸಿ. ಎಷ್ಟು ನಿಮಿಷ ಹಿಡಿಯಿತು, ನಿಂತ ತಕ್ಷಣ ನಾಡಿ ಎಷ್ಟಿತ್ತು ಎಂದು ಬರೆಯಿರಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರಾಯಿತು. ಮುಂದಿನ ಸಲ ಅಳೆಯುವಾಗಲೂ ಅದೇ ದಾರಿ, ಅದೇ ಹೊತ್ತು ಇರಲಿ.

ಕೈಗೆ ಕಟ್ಟುವ ವಾಚುಗಳ ಬಗ್ಗೆ ಒಂದು ಮಾತು. ನಾಡಿ, ಹೆಜ್ಜೆಗಳ ಲೆಕ್ಕಕ್ಕೆ ಅವು ಪರವಾಗಿಲ್ಲ. ಕ್ಯಾಲೊರಿ ಲೆಕ್ಕವನ್ನು ಮಾತ್ರ ನಂಬಿಕೊಂಡು ಊಟ ಹೆಚ್ಚಿಸಬೇಡಿ, ಅದು ತುಂಬಾ ತಪ್ಪಬಹುದು. ಕೆಲವು ವಾಚುಗಳು ವಿಒ2 ಮ್ಯಾಕ್ಸ್ ಎಂದು ಫಿಟ್‌ನೆಸ್ ಅಂಕ ತೋರಿಸುತ್ತವೆ. ಅದು ನಿಮಿಷಕ್ಕೆ ದೇಹ ಬಳಸಬಲ್ಲ ಆಮ್ಲಜನಕವನ್ನು ಮಿಲಿಲೀಟರಿನಲ್ಲಿ ಅಳೆದು, ಮೈತೂಕದಿಂದ ಭಾಗಿಸಿದ ಸಂಖ್ಯೆ. ನಿಮಿಷಕ್ಕೆ 3 ಲೀಟರ್ ಬಳಸಬಲ್ಲ 90 ಕೆಜಿಯ ವ್ಯಕ್ತಿಯ ಅಂಕ 33. ಅವರ ತೂಕ 75 ಕೆಜಿಗೆ ಇಳಿದರೆ, ಹೃದಯ ಶ್ವಾಸಕೋಶದಲ್ಲಿ ಏನೂ ಬದಲಾಗದಿದ್ದರೂ ಅಂಕ 40 ಆಗುತ್ತದೆ. ಬೊಜ್ಜು ಇರುವವರ ಫಿಟ್‌ನೆಸ್ ಅಂಕ ಕಡಿಮೆ ಬರುವುದಕ್ಕೆ ಈ ಭಾಗಾಕಾರವೂ ಒಂದು ಕಾರಣ. ಅಂಕ ಕಡಿಮೆ ಬಂತೆಂದು ಹೃದಯವೇ ದುರ್ಬಲ ಎಂದು ಹೆದರಬೇಡಿ.

ಹಂತ 2: ಕೂರುವುದನ್ನು ತುಂಡು ಮಾಡಿ

ಕೆಲಸವೇ ಕೂರುವುದಾದರೆ ಕೂರಲೇಬೇಕು. ಕುರ್ಚಿ ಬಿಡಿ ಎಂದು ಹೇಳುವುದರಲ್ಲಿ ಅರ್ಥವಿಲ್ಲ. ಒಂದೇ ಸಮನೆ ಕೂರುವುದನ್ನು ನಡುನಡುವೆ ಮುರಿಯುವುದು ಎಲ್ಲರ ಕೈಲೂ ಆಗುತ್ತದೆ.

ಇದರಿಂದ ಏನು ಲಾಭ ಎಂದರೆ, ಕಾಲಿನ ದೊಡ್ಡ ಸ್ನಾಯುಗಳು ಕೆಲಸ ಮಾಡುವಾಗ ರಕ್ತದಲ್ಲಿನ ಸಕ್ಕರೆಯನ್ನು ಇನ್ಸುಲಿನ್‌ನ ಸಹಾಯ ಅಷ್ಟಾಗಿ ಇಲ್ಲದೆಯೂ ಎಳೆದುಕೊಳ್ಳುತ್ತವೆ. ಗಂಟೆಗಟ್ಟಲೆ ಸುಮ್ಮನಿದ್ದರೆ ಆ ದಾರಿ ಮುಚ್ಚಿದಂತೆಯೇ. ಆಸ್ಟ್ರೇಲಿಯಾದ ಡೇವಿಡ್ ಡನ್‌ಸ್ಟನ್ ತಂಡ 2012ರಲ್ಲಿ ತೂಕ ಹೆಚ್ಚಿದ್ದ 19 ಜನರ ಮೇಲೆ ಇದನ್ನು ಪರೀಕ್ಷಿಸಿತು. 20 ನಿಮಿಷಕ್ಕೊಮ್ಮೆ ಎದ್ದು ಬರೀ 2 ನಿಮಿಷ ನಡೆದ ದಿನ, ಆಹಾರದ ನಂತರ ಏರುವ ಸಕ್ಕರೆ ಮತ್ತು ಇನ್ಸುಲಿನ್ ಎರಡೂ ಒಂದೇ ಸಮನೆ ಕೂತ ದಿನಕ್ಕಿಂತ ಕಡಿಮೆ ಇದ್ದವು. ನಡಿಗೆ ನಿಧಾನದ್ದಾದರೂ ಫಲ ಸಿಕ್ಕಿತು.

ಹಾಗಾಗಿ ಅರ್ಧ ಗಂಟೆಗೊಮ್ಮೆ ಎದ್ದೇಳುವುದನ್ನು ರೂಢಿ ಮಾಡಿಕೊಳ್ಳಿ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಬಹುದು. ಆದರೆ ನಾಲ್ಕೈದು ದಿನದಲ್ಲಿ ಅದನ್ನು ಕೇಳಿಯೂ ಕೇಳದ ಹಾಗೆ ಆಫ್ ಮಾಡುವುದು ಅಭ್ಯಾಸವಾಗಿಬಿಡುತ್ತದೆ. ಅದಕ್ಕಿಂತ ಕೆಲಸಕ್ಕೇ ಗಂಟು ಹಾಕುವುದು ಮೇಲು. ದೊಡ್ಡ ಬಾಟಲಿ ಮೇಜಿನ ಮೇಲೆ ಇಟ್ಟುಕೊಳ್ಳುವ ಬದಲು ಸಣ್ಣ ಲೋಟ ಇಡಿ, ಖಾಲಿಯಾದಾಗಲೆಲ್ಲ ಎದ್ದು ಹೋಗಬೇಕಾಗುತ್ತದೆ. ಫೋನ್ ಬಂದರೆ ಎದ್ದು ನಿಲ್ಲಿ, ಮಾತು ಮುಗಿಯುವವರೆಗೆ ಓಡಾಡಿ. ಪಕ್ಕದ ಕೋಣೆಯವರಿಗೆ ಮೆಸೇಜ್ ಹಾಕುವ ಬದಲು ಹೋಗಿ ಮಾತಾಡಿ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷದ ನಡಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಈ ಹಂತದಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಹೇಳುವುದು ಅದನ್ನೇ.

ನಿಂತು ಕೆಲಸ ಮಾಡುವ ಎತ್ತರದ ಮೇಜು ಕೊಂಡರೆ ಬೊಜ್ಜು ಕರಗುತ್ತದಾ? ಇಲ್ಲ. ಕೂತಾಗಿನದಕ್ಕಿಂತ ನಿಂತಾಗ ಹೆಚ್ಚಿಗೆ ಖರ್ಚಾಗುವುದು ನಿಮಿಷಕ್ಕೆ ಸುಮಾರು 0.15 ಕ್ಯಾಲೊರಿ. ಆರು ಗಂಟೆ ನಿಂತರೂ 54. ಬೆನ್ನಿಗೆ ಹಿತ ಅನಿಸಿದರೆ ಬಳಸಿ, ಸೊಂಟ ಸಣ್ಣಗಾಗುತ್ತದೆ ಎಂದು ಕಾಯಬೇಡಿ. ಎದ್ದು ನಡೆದಾಡುವುದರಲ್ಲಿ ಮಾತ್ರ ವ್ಯತ್ಯಾಸ ದೊಡ್ಡದು. ಅಮೆರಿಕದ ಸಂಶೋಧಕ ಜೇಮ್ಸ್ ಲೆವಿನ್ ತಂಡ 2005ರಲ್ಲಿ 20 ಜನರ ಮೈಗೆ ಸಂವೇದಕ (ಸೆನ್ಸರ್) ಅಂಟಿಸಿ ಅವರ ಪ್ರತಿ ಚಲನೆಯನ್ನೂ ದಾಖಲಿಸಿತ್ತು. ದಪ್ಪಗಿದ್ದವರು ತೆಳ್ಳಗಿದ್ದವರಿಗಿಂತ ದಿನಕ್ಕೆ ಸುಮಾರು ಎರಡು ಗಂಟೆ ಜಾಸ್ತಿ ಕೂತಿರುತ್ತಿದ್ದರು. ತೆಳ್ಳಗಿನವರ ಹಾಗೆ ಎದ್ದು ಓಡಾಡಿದ್ದರೆ ದಿನಕ್ಕೆ ಇನ್ನೂ 350 ಕ್ಯಾಲೊರಿಯಷ್ಟು ಖರ್ಚಾಗುತ್ತಿತ್ತು ಎಂಬುದು ಅವರ ಲೆಕ್ಕ. ಇದು ಜಿಮ್ಮಿನ ಲೆಕ್ಕ ಅಲ್ಲ, ಮನೆ ಆಫೀಸಿನ ಸಣ್ಣಪುಟ್ಟ ಓಡಾಟದ್ದು.

ಹಂತ 3: ವಾರಕ್ಕೆ 150 ನಿಮಿಷ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಚಟುವಟಿಕೆ ಬೇಕು. ಬಿರುಸಿನದಾದರೆ 75ರಿಂದ 150 ನಿಮಿಷ ಸಾಕು. ಮೊದಲೆಲ್ಲ ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ ಎನ್ನುತ್ತಿದ್ದರು. ಈಗ ಆ ನಿಯಮ ತೆಗೆದುಹಾಕಿದ್ದಾರೆ. ಮೂರು ನಿಮಿಷ ಮೆಟ್ಟಿಲು ಹತ್ತಿದರೂ ಅದು ಲೆಕ್ಕಕ್ಕೆ ಸೇರಿತು.

ನಡಿಗೆ ಮಧ್ಯಮ ಮಟ್ಟದ್ದೋ ಅಲ್ಲವೋ ಎಂದು ತಿಳಿಯಲು ಯಾವ ಯಂತ್ರವೂ ಬೇಡ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹೆಜ್ಜೆ ಎಣಿಸುವವರಿಗೆ ನಿಮಿಷಕ್ಕೆ 100 ಹೆಜ್ಜೆ ಎಂಬುದು ಒಳ್ಳೆಯ ಅಂದಾಜು. ಈಗ ಏನೂ ಮಾಡದವರು ದಿನಕ್ಕೆ 10 ನಿಮಿಷದಿಂದ ಶುರು ಮಾಡಿ, ವಾರ ವಾರ ಐದೈದು ನಿಮಿಷ ಏರಿಸಿ. ಮೊದಲ ದಿನವೇ ಒಂದು ಗಂಟೆ ನಡೆದು ಮರುದಿನ ಮಂಡಿ ಹಿಡಿದು ಕೂರುವುದು ಬೇಡ.

ಬಹಳ ಹೊತ್ತು ಕೂರುವ ಕೆಲಸದವರಿಗೆ ಇನ್ನೊಂದು ಲೆಕ್ಕ ಗೊತ್ತಿರಲಿ. 2016ರಲ್ಲಿ ಸಂಶೋಧಕ ಉಲ್ಫ್ ಎಕೆಲುಂಡ್ ತಂಡ 10 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೂರುವವರಲ್ಲಿ ಅಕಾಲ ಸಾವಿನ ಅಪಾಯ ಜಾಸ್ತಿ ಇತ್ತು. ಆದರೆ ದಿನಕ್ಕೆ 60ರಿಂದ 75 ನಿಮಿಷ ಮಧ್ಯಮ ಚಟುವಟಿಕೆ ಮಾಡುತ್ತಿದ್ದವರಲ್ಲಿ ಆ ಹೆಚ್ಚುವರಿ ಅಪಾಯ ಕಾಣಲಿಲ್ಲ. ಕೂರುವುದು ಹೊಸ ಸಿಗರೇಟು ಎಂದು ಹೆದರಿಸುವ ಮಾತನ್ನು ನಾನು ಒಪ್ಪುವುದಿಲ್ಲ. ಕೂರುವುದರ ಕೆಡುಕು ಹೆಚ್ಚಾಗಿ ತಟ್ಟುವುದು ಉಳಿದ ಹೊತ್ತಿನಲ್ಲೂ ಏನೂ ಮಾಡದವರಿಗೆ.

ಹಂತ 4: ವಾರಕ್ಕೆರಡು ದಿನ ಏದುಸಿರು ಬರಲಿ

ಮೊದಲು ಎಚ್ಚರಿಕೆ. ಎದೆನೋವು, ತಲೆಸುತ್ತು, ಸ್ವಲ್ಪ ಶ್ರಮಕ್ಕೇ ವಿಪರೀತ ಉಸಿರುಕಟ್ಟುವುದು ಇದ್ದರೆ, ಹೃದಯದ ತೊಂದರೆ ಅಥವಾ ಹತೋಟಿಗೆ ಬಾರದ ಬಿಪಿ ಇದ್ದರೆ, ಗರ್ಭಿಣಿಯಾಗಿದ್ದರೆ ಈ ಹಂತಕ್ಕೆ ಬರುವ ಮುಂಚೆ ವೈದ್ಯರನ್ನು ಕೇಳಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆ ಸಕ್ಕರೆ ತೀರಾ ಕೆಳಗೆ ಇಳಿಯಬಹುದು. ಅವರೂ ಕೇಳಿಯೇ ಮುಂದುವರಿಯಿರಿ. ಉಳಿದವರು ಕೂಡ ನಾಲ್ಕರಿಂದ ಆರು ವಾರ ನಡಿಗೆ ಗಟ್ಟಿಯಾದ ಮೇಲೆಯೇ ಇದಕ್ಕೆ ಕೈಹಾಕಿ.

ಫಿಟ್‌ನೆಸ್ ಏರಿಸುವುದಕ್ಕೆ ಬಿರುಸು ಬೇಕು. ನಿಧಾನದ ನಡಿಗೆ ಮೊದಮೊದಲು ಫಲ ಕೊಡುತ್ತದೆ, ಆಮೇಲೆ ಮೈ ಅದಕ್ಕೆ ಒಗ್ಗಿಬಿಡುತ್ತದೆ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಬೇಕು, ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚಬೇಕು, ಜೀವಕೋಶದೊಳಗೆ ಆಮ್ಲಜನಕ ಬಳಸುವ ಮೈಟೊಕಾಂಡ್ರಿಯಾ ಹೆಚ್ಚಬೇಕು ಎಂದರೆ, ಈಗಿರುವುದು ಸಾಲದು ಎಂಬ ಸೂಚನೆ ಮೈಗೆ ಸಿಗಬೇಕು. ಆ ಸೂಚನೆಯೇ ಏದುಸಿರು.

ಮಾಡುವ ಕ್ರಮ ಹೀಗೆ. ಐದರಿಂದ ಹತ್ತು ನಿಮಿಷ ಮಾಮೂಲಿ ನಡಿಗೆ. ಆಮೇಲೆ ಒಂದು ನಿಮಿಷ ಎರಡು ಮೂರು ಪದಕ್ಕಿಂತ ಜಾಸ್ತಿ ಮಾತಾಡಲು ಆಗದಷ್ಟು ಜೋರು. ಓಡಬಹುದು, ಏರುದಾರಿಯಲ್ಲಿ ನಡೆಯಬಹುದು, ಮೆಟ್ಟಿಲು ಹತ್ತಬಹುದು, ಸೈಕಲ್ ತುಳಿಯಬಹುದು. ಆಮೇಲೆ ಎರಡು ನಿಮಿಷ ನಿಧಾನ. ಹೀಗೆ ಐದು ಸಲ. ಕೊನೆಗೆ ಮತ್ತೆ ಐದು ನಿಮಿಷ ನಿಧಾನ. ಮಂಡಿ ನೋವಿರುವವರಿಗೆ ಈಜು ಅಥವಾ ಸೈಕಲ್ ಒಳ್ಳೆಯದು. ಎರಡು ಬಿರುಸಿನ ದಿನಗಳ ನಡುವೆ ಕನಿಷ್ಠ ಒಂದು ದಿನ ಬಿಡಿ. ಎರಡು ಮೂರು ತಿಂಗಳಾದ ಮೇಲೆ, ಮೈ ಒಪ್ಪಿದರೆ, ನಾಲ್ಕು ನಿಮಿಷ ಜೋರು, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸಲ ಮಾಡುವ ಕ್ರಮಕ್ಕೆ ಹೋಗಬಹುದು. ಇದನ್ನು ನಾರ್ವೆಯ ಸಂಶೋಧಕರು ಹೃದ್ರೋಗಿಗಳ ಮೇಲೂ ಪರೀಕ್ಷಿಸಿ ನೋಡಿದ್ದಾರೆ, ಆದರೆ ಅಲ್ಲಿ ಮೇಲ್ವಿಚಾರಣೆ ಇತ್ತು ಎಂಬುದು ನೆನಪಿರಲಿ.

ಹಂತ 5: ಸ್ನಾಯುಗಳಿಗೂ ಕೆಲಸ

ವಾರಕ್ಕೆ ಎರಡು ದಿನ ಸಾಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಅಥವಾ ನೆಲಕ್ಕೆ ದಂಡ ಹೊಡೆಯುವುದು, ಮೆಟ್ಟಿಲ ಮೇಲೆ ಒಂದೊಂದೇ ಕಾಲಿಟ್ಟು ಹತ್ತಿ ಇಳಿಯುವುದು, ಎರಡೂ ಕೈಯಲ್ಲಿ ತೂಕ ಹಿಡಿದು ನಡೆಯುವುದು. ಒಂದೊಂದನ್ನೂ 8ರಿಂದ 12 ಸಲ, ಎರಡು ಮೂರು ಸುತ್ತು. ಕೊನೆಯ ಎರಡು ಸಲ ಕಷ್ಟ ಅನಿಸಬೇಕು. ಊಟ ಕಡಿಮೆ ಮಾಡಿ ತೂಕ ಇಳಿಸುವಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಅದನ್ನು ಉಳಿಸಿಕೊಳ್ಳುವ ದಾರಿ ಇದು. 65 ದಾಟಿದವರು ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಸೇರಿಸಬೇಕು. ಗೋಡೆಯ ಪಕ್ಕ ಒಂಟಿಕಾಲಲ್ಲಿ ನಿಲ್ಲುವುದರಿಂದ ಶುರು ಮಾಡಿದರೂ ಆಯಿತು.

ಹಂತ 6: ಬೊಜ್ಜಿನ ಲೆಕ್ಕ ತಟ್ಟೆಯಿಂದ

ಮೈಕೊಬ್ಬು ಇಳಿಯಬೇಕಾದರೆ ತಿನ್ನುವುದು ಖರ್ಚಿಗಿಂತ ಕಡಿಮೆ ಇರಬೇಕು. ಇದನ್ನು ವ್ಯಾಯಾಮ ಒಂದರಿಂದಲೇ ಸಾಧಿಸುವುದು ಬಹಳ ಕಷ್ಟ. ಮೇಲಿನ ಲೆಕ್ಕದಲ್ಲೇ ನೋಡಿದಿರಲ್ಲ, ಅರ್ಧ ಗಂಟೆ ನಡಿಗೆಯ 85 ಕ್ಯಾಲೊರಿ ಎರಡು ಬಿಸ್ಕತ್ತಿಗೆ ಸರಿಹೋಗುತ್ತದೆ. ಇನ್ನೂ ಒಂದು ತೊಡಕಿದೆ. ಬೆಳಿಗ್ಗೆ ಜೋರಾಗಿ ವ್ಯಾಯಾಮ ಮಾಡಿದವರು ಉಳಿದ ದಿನ ಗೊತ್ತಿಲ್ಲದೆಯೇ ಜಾಸ್ತಿ ಕೂರುತ್ತಾರೆ, ಸ್ವಲ್ಪ ಜಾಸ್ತಿ ತಿನ್ನುತ್ತಾರೆ. ಹಂತ 1ರಲ್ಲಿ ಬರೆದಿಟ್ಟ ಕೂತ ಹೊತ್ತಿನ ಹಾಳೆ ಉಪಯೋಗಕ್ಕೆ ಬರುವುದು ಇಲ್ಲಿ. ವ್ಯಾಯಾಮ ಶುರು ಮಾಡಿದ ಮೇಲೆ ಅದನ್ನು ಇನ್ನೊಮ್ಮೆ ಬರೆದು ಹೋಲಿಸಿ.

ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎಂದು ನಂಬಿ ಸಿಟ್-ಅಪ್ ಹೊಡೆಯುವವರು ಬಹಳ. ಕೊಬ್ಬು ಜೀವಕೋಶದಿಂದ ಬಿಡುಗಡೆಯಾಗಿ ರಕ್ತಕ್ಕೆ ಸೇರಿ, ಬೇಕಾದ ಕಡೆ ಹೋಗಿ ಉರಿಯುತ್ತದೆ. ಯಾವ ಜಾಗದಿಂದ ಎಷ್ಟು ಎಂಬುದನ್ನು ನೀವು ಆರಿಸಲು ಆಗುವುದಿಲ್ಲ. ಸಿಟ್-ಅಪ್‌ನಿಂದ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ, ಅಷ್ಟೇ.

ಹಾಗಾದರೆ ಬೊಜ್ಜಿಗೆ ವ್ಯಾಯಾಮ ವ್ಯರ್ಥವಾ? ಖಂಡಿತ ಇಲ್ಲ, ಎರಡು ಕಡೆ ಅದು ಬಹಳ ದೊಡ್ಡ ಕೆಲಸ ಮಾಡುತ್ತದೆ. ಮೊದಲನೆಯದು, ಕರುಳು, ಪಿತ್ತಜನಕಾಂಗದ ಸುತ್ತ ಸೇರುವ ಒಳಗೊಬ್ಬು. ಮಧುಮೇಹ, ಹೃದ್ರೋಗಕ್ಕೆ ಚರ್ಮದಡಿಯ ಕೊಬ್ಬಿಗಿಂತ ಹತ್ತಿರದ ನಂಟು ಇದರದ್ದು. ವ್ಯಾಯಾಮದಿಂದ ಇದು ತೂಕ ಇಳಿಯದಿದ್ದರೂ ಕಡಿಮೆಯಾಗುತ್ತದೆ. ಸೊಂಟದ ಟೇಪು ಅದನ್ನು ಹಿಡಿಯುತ್ತದೆ, ತೂಕದ ಯಂತ್ರ ಹಿಡಿಯುವುದಿಲ್ಲ. ಎರಡನೆಯದು, ಇಳಿದ ತೂಕ ಮತ್ತೆ ಏರದಂತೆ ತಡೆಯುವುದು. ಅಮೆರಿಕದಲ್ಲಿ 1994ರಲ್ಲಿ ಒಂದು ದಾಖಲೆ ಇಡಲು ಶುರು ಮಾಡಿದರು. ಸುಮಾರು 13.6 ಕೆಜಿಗೂ ಹೆಚ್ಚು ಇಳಿಸಿ, ಕನಿಷ್ಠ ಒಂದು ವರ್ಷ ಹಾಗೇ ಉಳಿಸಿಕೊಂಡ ಸಾವಿರಾರು ಜನ ಅದರಲ್ಲಿದ್ದಾರೆ. ಅವರಲ್ಲಿ ಹೆಚ್ಚಿನವರು ದಿನಕ್ಕೆ ಸರಾಸರಿ ಒಂದು ಗಂಟೆಯಷ್ಟು ವ್ಯಾಯಾಮ ಮಾಡುತ್ತಾರೆ. ತೂಕ ಇಳಿಸುವಾಗ ಊಟದ ಕಡೆ ಗಮನ ಜಾಸ್ತಿ ಇರಲಿ, ಉಳಿಸಿಕೊಳ್ಳುವಾಗ ಓಡಾಟದ ಕಡೆ.

ಮನೆಯಲ್ಲಿ ಮಕ್ಕಳಿದ್ದರೆ

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ ಬೇಕು, ಅದರಲ್ಲಿ ವಾರಕ್ಕೆ ಮೂರು ದಿನವಾದರೂ ಬಿರುಸಿನದು ಇರಬೇಕು. ಮಕ್ಕಳ ಮೇಲಿನ ಎಷ್ಟೋ ಅಧ್ಯಯನಗಳಲ್ಲಿ ಫಿಟ್‌ನೆಸ್ ಜೊತೆ ಗಟ್ಟಿಯಾಗಿ ತಳುಕು ಹಾಕಿಕೊಂಡಿರುವುದು ಬಿರುಸಿನ ಆಟ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಬರೀ ಕೂತ ಹೊತ್ತಿಗೂ ಫಿಟ್‌ನೆಸ್ಸಿಗೂ ನಂಟು ದುರ್ಬಲವಾಗುತ್ತದೆ. ಆದ್ದರಿಂದ ಮೊಬೈಲ್ ಕಿತ್ತುಕೊಂಡರೆ ಅರ್ಧ ಕೆಲಸವೂ ಆಗಲಿಲ್ಲ. ಆ ಹೊತ್ತಿನಲ್ಲಿ ಓಡುವ, ಜಿಗಿಯುವ, ಅಟ್ಟಿಸಿಕೊಂಡು ಹೋಗುವ ಆಟ ಸಿಗಬೇಕು. ಮಗು ದಪ್ಪಗಿದ್ದರೆ ಓಟದ ಪಂದ್ಯಕ್ಕೆ ನಿಲ್ಲಿಸಿ ಎಲ್ಲರೆದುರು ಸೋಲಿಸಬೇಡಿ. ಈಜು, ಎಸೆತ, ಭಾರ ಎತ್ತುವ ಆಟಗಳಲ್ಲಿ ಅಂಥ ಮಕ್ಕಳು ಚೆನ್ನಾಗಿ ಆಡುತ್ತಾರೆ. ಗೆದ್ದ ಆಟಕ್ಕೆ ಮಗು ನಾಳೆಯೂ ಹೋಗುತ್ತದೆ, ಅಲ್ವಾ?

ಹಂತ 7: 12 ವಾರದ ನಂತರ ಹಾಳೆ ತೆಗೆಯಿರಿ

ನಡುವೆ ದಿನಾ ತೂಕ ನೋಡುತ್ತಾ ಕೂರಬೇಡಿ. 12 ವಾರ ಆದಮೇಲೆ ಹಂತ 1ರ ಎಲ್ಲ ಅಳತೆಗಳನ್ನೂ ಅದೇ ಕ್ರಮದಲ್ಲಿ ಮತ್ತೆ ತೆಗೆದುಕೊಂಡು ಪಕ್ಕಪಕ್ಕ ಬರೆಯಿರಿ.

1.6 ಕಿಲೋಮೀಟರ್ ಬೇಗ ಮುಗಿಯಿತು ಅಥವಾ ಅಷ್ಟೇ ಹೊತ್ತಿಗೆ ನಾಡಿ ಕಡಿಮೆ ಬಂತು ಎಂದರೆ ಫಿಟ್‌ನೆಸ್ ಏರಿದೆ. ತೂಕ ಏನೇ ಹೇಳಲಿ, ಇದನ್ನು ಮುಂದುವರಿಸಿ.

ತೂಕ ಅಷ್ಟೇ ಇದೆ, ಸೊಂಟ ಎರಡು ಸೆಂಟಿಮೀಟರ್ ಇಳಿದಿದೆ ಎಂದರೆ ಒಳ್ಳೆಯ ಸುದ್ದಿ. ಕೊಬ್ಬು ಹೋಗಿ ಸ್ನಾಯು ಬಂದಿರುವ ಸಾಧ್ಯತೆ ಇದೆ.

ತೂಕ ಇಳಿದಿದೆ, ನಡಿಗೆಯ ಸಮಯ ಮಾತ್ರ ಮೊದಲಿಗಿಂತ ಕೆಟ್ಟಿದೆ, ಸುಸ್ತು ಜಾಸ್ತಿ ಎಂದರೆ ಊಟವನ್ನು ತೀರಾ ಕಡಿಮೆ ಮಾಡಿದ್ದೀರಿ ಅಥವಾ ಹಂತ 5 ಬಿಟ್ಟಿದ್ದೀರಿ. ಊಟ ಸರಿಮಾಡಿಕೊಂಡು ಸ್ನಾಯುಗಳ ಕಡೆ ಗಮನ ಕೊಡಿ. ಪ್ರಯತ್ನವೇ ಇಲ್ಲದೆ ತೂಕ ಇಳಿಯುತ್ತಿದ್ದರೆ ವೈದ್ಯರಿಗೆ ತೋರಿಸಿ.

ಫಿಟ್‌ನೆಸ್ ಏರಿದೆ, ಸೊಂಟ ಒಂದಿಷ್ಟೂ ಕದಲಿಲ್ಲ ಎಂದರೆ ವ್ಯಾಯಾಮ ಸರಿಯಿದೆ, ಲೆಕ್ಕ ತಪ್ಪುತ್ತಿರುವುದು ತಟ್ಟೆಯಲ್ಲಿ. ಇನ್ನೂ ಒಂದು ಗಂಟೆ ವ್ಯಾಯಾಮ ಸೇರಿಸುವ ಬದಲು, ಒಂದು ವಾರ ತಿಂದದ್ದು ಕುಡಿದದ್ದು ಎಲ್ಲವನ್ನೂ ಬರೆದು ನೋಡಿ.

ಯಾವುದೂ ಬದಲಾಗಿಲ್ಲ ಎಂದರೆ ಎರಡನ್ನು ಪರೀಕ್ಷಿಸಿ. ನಡಿಗೆ ಹಾಡಲು ಆಗುವಷ್ಟು ನಿಧಾನದ್ದಾಗಿತ್ತೇ? ಕೂತ ಹೊತ್ತು ಮೊದಲಿಗಿಂತ ಜಾಸ್ತಿಯಾಗಿದೆಯೇ? ಬಹುತೇಕ ಇವೆರಡರಲ್ಲಿ ಒಂದು ಸಿಗುತ್ತದೆ. ಸಿಕ್ಕಿದ್ದನ್ನು ಸರಿಮಾಡಿಕೊಂಡು ಇನ್ನೂ 12 ವಾರ ಮಾಡಿ, ಮತ್ತೆ ಅಳೆಯಿರಿ.